ಎಂಟು ಹತ್ತಕ್ಕೆ ಬಂದವರು

ಬೆಳಿಗ್ಗೆ ಎಂಟು ಹತ್ತಕ್ಕೆ ದ್ರಾಕ್ಷಾಯಣಿ ಗೆಂಡೆಹಳ್ಳಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಅದೇ ಎಂಟು ಹತ್ತಕ್ಕೆ, ಬೇಲೂರಿನ ಗೊಬ್ಬರದ ಅಂಗಡಿಯ ಕಂಪ್ಯೂಟರಿನಲ್ಲಿ ‘ದ್ರಾಕ್ಷಾಯಣಿ’ ಮೂರು ಬಿಲ್ಲುಗಳ ಮೊತ್ತ ಬದಲಾಯಿಸಿದ್ದಳು.

ಯಾರು, ಎಷ್ಟು ಹೊತ್ತಿಗೆ, ಏನು ತಿದ್ದಿದರೆಂದು ಕಂಪ್ಯೂಟರ್ ಬರೆದಿಡುವ ಪಟ್ಟಿಯನ್ನು ಅವಳು ಅಂಗಡಿಗೆ ಬಂದ ಮೇಲೆ ಆಕಸ್ಮಿಕವಾಗಿ ತೆರೆದಿದ್ದಳು. ನಿನ್ನೆಯೂ ಹೀಗೇ. ಮೊನ್ನೆಯೂ. ಹಿಂದಕ್ಕೆ ಹೋದಳು, ದಸರಾ ತನಕವೂ ಇತ್ತು. ಎಲ್ಲವೂ ಅವಳ ಹೆಸರಿನಲ್ಲೇ.

ಬೇಲೂರು, ಬಿಕ್ಕೋಡು, ಗೆಂಡೆಹಳ್ಳಿ, ಅವಳು ಬರೆಯುವ ಮೂರು ಅಂಗಡಿಗಳ ಲೆಕ್ಕವೂ ಒಂದೇ ಸರ್ವರ್‌ನಲ್ಲಿ. ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಅಂಗಡಿಯಿಂದಲೂ ಯಾರು ಬೇಕಾದರೂ ಅವಳಾಗಬಹುದಿತ್ತು. ಆಯುಧಪೂಜೆಯ ದಿನ ದೊಡ್ಡ ಯಜಮಾನರು ಜಯದೇವಪ್ಪನವರು, “ಅಂಗಡಿ ಬೀಗದ ಕೈ ಇಟ್ಟು ಪೂಜೆ ಮಾಡ್ತೀವಿ. ಈ ಪೆಟ್ಟಿಗೇದು ಎಲ್ರಪ್ಪಾ?” ಎಂದಿದ್ದರು. ಎಲ್ಲರೂ ನಗುತ್ತ ತಮ್ಮ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು, ಕುಂಕುಮ ಹಚ್ಚಿ ಸರ್ವರ್ ಮುಂದಿಟ್ಟಿದ್ದರು. ಚೀಟಿ ಮೂರು ದಿನ ಅಲ್ಲೇ ಇತ್ತು.

ಸುನಿಲನೇ? ಬಿಕ್ಕೋಡಿನ ಅಂಗಡಿ ನೋಡಿಕೊಳ್ಳುವ ಅವನು ಈಚೆಗೆ ಹೊಸ ಬೈಕು ಕೊಂಡಿದ್ದ. ಫೋನು ಮಾಡಿದಳು.

“ಎಂಟು ಗಂಟೆಗೆ ಎಲ್ಲಿದ್ದೆ ಸುನಿಲ್?”

“ಹಾಸಿಗೇಲಿ ಕಣಕ್ಕ. ಯಾಕೆ, ಹೆಣ್ಣು ಗಿಣ್ಣು ನೋಡಿದ್ಯಾ?”

ಕಳ್ಳ ಹೀಗೆ ನಗುತ್ತಾನೆಯೇ? ನಗಲೂಬಹುದು.

ಕಾಗದದ ಮೂಲ ಬಿಲ್ಲುಗಳೊಂದಿಗೆ ಹೋಲಿಸಿ ನೋಡಬಹುದಿತ್ತು. ಆದರೆ ಆ ಕಟ್ಟು ದಿನಾ ಸಂಜೆ ಜಯದೇವಪ್ಪನವರ ಡ್ರಾಯರ್ ಸೇರುತ್ತಿತ್ತು. ಕೇಳಿದರೆ ಯಾಕೆಂದು ಹೇಳಬೇಕು. ಅದು ಅವರ ಮಗ ಶಶಿಧರನ ಕಿವಿಗೆ ಬಿದ್ದರೆ ಕೆಲಸ ಹೋಯಿತು. ಅವನು ಅವಳೆದುರೇ ಹೇಳಿದ್ದ: “ಸಂಜೆ ಕಾಲೇಜಲ್ಲಿ ಕಲಿತವರ ಕೈಗೆ ಮೂರು ಅಂಗಡಿ ಲೆಕ್ಕ! ಒಂದು ತಪ್ಪು ಸಿಗ್ಲಿ, ಅವತ್ತೇ ಬೇರೆಯವರನ್ನ ನೋಡ್ತೀನಿ.”

“ಇಷ್ಟು ದಿನದಿಂದ ಹುಡುಕ್ತಿದ್ದೀಯಲ್ಲ, ಸಿಕ್ತೇನೋ?” ಎಂದು ಜಯದೇವಪ್ಪನವರು ಮಗನನ್ನು ಕೇಳಿ ನಕ್ಕಿದ್ದರು.

ಆ ಸಂಜೆ ಅವಳು ಪಾಸ್‌ವರ್ಡ್ ಬದಲಾಯಿಸಿದಳು. ಯಾರಿಗೂ ಹೇಳಲಿಲ್ಲ.

ಮರುದಿನ ಒಂಬತ್ತೂವರೆಗೆ ಓಡುತ್ತಲೇ ಒಳಗೆ ಬಂದಳು. ಎಂದಿನಂತೆ ಅಂಗಡಿ ತೆರೆದು, ಸರ್ವರಿಗೆ ಊದುಬತ್ತಿ ಬೆಳಗಿ, ಜಯದೇವಪ್ಪನವರು ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪಟ್ಟಿ ತೆರೆದಳು. ಖಾಲಿ. ಒಂದು ಅಂಕಿಯೂ ಬದಲಾಗಿರಲಿಲ್ಲ.

ಆ ಧೈರ್ಯದಲ್ಲೇ, ಶಶಿಧರ್ ಬಂದೊಡನೆ ಎಲ್ಲವನ್ನೂ ಹೇಳಿಬಿಟ್ಟಳು.

ಅವನು ಬಗ್ಗಿ ಆ ಪಟ್ಟಿ ನೋಡಿದ. “ಅಂದ್ರೆ, ನಿನ್ನೆ ಲೆಕ್ಕಕ್ಕೆ ನಿಮ್ಮ ಕೈ ಬಿಟ್ರೆ ಬೇರೆ ಯಾರ ಕೈನೂ ಬಿದ್ದಿಲ್ಲ?”

“ಇಲ್ಲ ಸರ್. ಖಂಡಿತ ಇಲ್ಲ.”

“ಹಾಗಾದ್ರೆ ಅದನ್ನೇ ಪ್ರಿಂಟ್ ಕೊಡಿ. ಬಿಲ್ ಜೊತೆ ಆಡಿಟರ್ ಹತ್ರ ತೋರಿಸ್ಕೊಂಡು ಬರ್ತೀನಿ. ಅಪ್ಪಾ, ಡ್ರಾಯರ್ ಕೀ.”

ಜಯದೇವಪ್ಪನವರು ಕೀ ಹುಡುಕಲು ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಕೊಟ್ಟರು.

ಶಶಿಧರನ ಕಾರು ಹೊರಟಿತು. ದ್ರಾಕ್ಷಾಯಣಿ ಜಯದೇವಪ್ಪನವರ ಕಡೆ ತಿರುಗಿ, “ಬದುಕಿಕೊಂಡೆ ಯಜಮಾನ್ರೇ” ಎಂದಳು.

ಮುದುಕರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು:

“ಬೆಳಿಗ್ಗೆ ನಿನ್ನ ಚೀಟೀಲಿದ್ದದ್ದನ್ನ ಆರು ಸಲ ಒತ್ತಿ ನೋಡ್ದೆ, ತೆಗೀಲೇ ಇಲ್ಲ ಕಣವ್ವ. ನಿನ್ನೆ ನೀನು ನಾಲ್ಕು ಕಡೆ ತಪ್ಪಿದ್ದೆ.”