ಮೂರು ಬಸ್ಸು ಜನ

“ಇಳೀತು! ಮತ್ತೆ ಇಳೀತು!” ಎಂದು ಹಾರ್ನ್ ಕೂಗಿದ ರಭಸಕ್ಕೆ, ಡಿಪೋ ಕ್ಯಾಂಟೀನಿನಲ್ಲಿ ಬಾಯಿಗೆ ಹೋಗುತ್ತಿದ್ದ ಲೋಟಗಳೆಲ್ಲ ಅರ್ಧದಲ್ಲೇ ನಿಂತವು. ಗುಟ್ಟು ಹೇಳುವಾಗಲೂ ಗಂಟಲು ಹರಿದುಕೊಳ್ಳುವ ಆ ಡ್ರೈವರನಿಗೆ ಹಾರ್ನ್ ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಟೀವಿಯ ಮತ ಎಣಿಕೆಯಲ್ಲಿ, ಬೆಳಿಗ್ಗೆಯಿಂದ ಮುಂದಿದ್ದ ಅಣ್ಣನ ಹೆಸರಿನ ಪಕ್ಕ ಈಗ ಕೆಂಪು ಬಾಣವೊಂದು ಕೆಳಗೆ ಮುಖ ಮಾಡಿತ್ತು.

ಅಣ್ಣ ಎಂದರೆ ಡ್ರೈವರುಗಳ ಸಂಘದ ಮುಖಂಡರು. ಬ್ರೇಕ್ ಸರಿಯಿಲ್ಲದ ಬಸ್ಸು ಓಡಿಸುವುದಿಲ್ಲ ಎಂದು ಮುಷ್ಕರ ಮಾಡಿಸಿ ಜೈಲು ಸೇರಿದ್ದವರು, ಅಲ್ಲಿಂದಲೇ ಪಾರ್ಲಿಮೆಂಟಿಗೆ ನಿಂತಿದ್ದರು. ಗೆದ್ದರೆ ಜಾಮೀನು ಸಿಕ್ಕ ಹಾಗೇ ಎಂದು ವಕೀಲರು ಹೇಳಿದ್ದರು. ಸೋತರೆ ಏನೆಂದು ಅವರು ಹೇಳಿರಲಿಲ್ಲ, ಯಾರಿಗೂ ಕೇಳುವ ಧೈರ್ಯವಿರಲಿಲ್ಲ. ಅಣ್ಣನ ಹೆಂಡತಿ, ಅಂದರೆ ಡಿಪೋಗೆಲ್ಲ ಅತ್ತಿಗೆ, ಹೆಗಲ ಮೇಲಿನ ಕಂಡಕ್ಟರ್ ಚೀಲ ಕೂಡ ಇಳಿಸದೆ ಬೆಂಚಿನ ತುದಿಯಲ್ಲಿ ಕೂತಿದ್ದಳು.

“ನಾನು ಅವತ್ತೇ ಬಡ್ಕೊಂಡೆ,” ಎಂದರು ಟೈಂ ಕೀಪರ್. ಆಳುವ ಪಕ್ಷಕ್ಕೆ ಡಿಪೋದಲ್ಲಿ ರಾಜಾರೋಷವಾಗಿ ಜೈ ಅನ್ನುತ್ತಿದ್ದವರು ಅವರೊಬ್ಬರೇ. “ದೇಶಕ್ಕೆ ದೇಶವೇ ಒಂದ್ಕಡೆ ವಾಲಿದೆ. ನಿಮ್ಮಣ್ಣ ಒಬ್ಬ ಏನು ಮಾಡ್ತಾನೆ?”

“ವಾಲಿದೆ ಅಂತ ನೀವೂ ಒಪ್ಕೊಂಡ್ರಲ್ಲ ಸಾರ್!” ಎಂದ ಹಾರ್ನ್. “ ವಾಲಿದ ಗಾಡಿ ಹತ್ತಬೇಡಿ ಅಂತಾನೇ ನಾವು ಹೇಳ್ತಿರೋದು.”

“ಮಾತಿಗೇನೂ ಕಮ್ಮಿ ಇಲ್ಲ. ನಿಮ್ಮ ಅಣ್ಣ ಗೆದ್ದುಬಿಟ್ರೆ ಬಸ್ಸಿಗೆ ರೆಕ್ಕೆ ಬರುತ್ತೇನೋ?”

“ರೆಕ್ಕೆ ಯಾಕೆ ಸಾರ್, ಬ್ರೇಕ್ ಬಂದ್ರೆ ಸಾಕು!”

ನಗು ಎದ್ದಿತು. ಅತ್ತಿಗೆ ಮಾತ್ರ ನಗಲಿಲ್ಲ. “ಸ್ವಲ್ಪ ಸುಮ್ನಿರ್ರಪ್ಪ. ಕೊನೇ ಸುತ್ತು ಬರ್ತಿದೆ.”

ಬಂತು. ದೇಶದ ಲೆಕ್ಕ ಆಗಲೇ ಮುಗಿದು, ಯಾರು ಎಲ್ಲಿ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ ಎಂದು ಟೀವಿಯವರು ಜಗಳವಾಡುತ್ತಿದ್ದರು. ಅದರ ಕೆಳಗೆ ಇಷ್ಟೇ ಇಷ್ಟು ಸಣ್ಣ ಅಕ್ಷರದಲ್ಲಿ ಅಣ್ಣನ ಸೋಲು ಸರಿದುಹೋಯಿತು. ಅಂತರ ನೂರ ಅರವತ್ತು ಚಿಲ್ಲರೆ ಮತ. ಹಾರ್ನ್ ಹುಟ್ಟಿದ ಮೇಲೆ ಮೊದಲ ಸಲವೋ ಎಂಬಂತೆ ಮೆಲ್ಲಗೆ ಮಾತಾಡಿದ: “ಮೂರು ಬಸ್ಸು ಜನ.”

ಟೈಂ ಕೀಪರಿಗೆ ಗೆದ್ದ ಖುಷಿಗಿಂತ ಆಶ್ಚರ್ಯವೇ ಹೆಚ್ಚಾಯಿತು. “ಅಲ್ರಯ್ಯಾ, ನೀವೂ ನಿಮ್ಮ ಮನೆಯವರೂ ಸೇರಿದ್ರೆ ಆರು ಬಸ್ಸು ತುಂಬ್ತೀರಿ. ನಿಮ್ಮ ಓಟೇ ಸಾಕಿತ್ತಲ್ಲ. ಒಬ್ಬರ ಬೆರಳಲ್ಲೂ ಶಾಯಿ ಗುರುತಿಲ್ಲ, ಎಲ್ಲಿ ಹೋಯ್ತು?”

ಹಾರ್ನ್ ತಲೆ ತಗ್ಗಿಸಿಕೊಂಡೇ ಹೇಳತೊಡಗಿದ. ಆರು ಬಸ್ಸು ತುಂಬಿದ್ದು ನಿಜವೇ. ಎಲ್ಲ ಡ್ರೈವರುಗಳಿಗೂ ಒಟ್ಟಿಗೆ ರಜೆ ಸಿಗುವುದು ಮತದಾನದ ದಿನ ಮಾತ್ರ. ಅಣ್ಣನಿಗೆ ಒಂದು ಸಲ ಮುಖ ತೋರಿಸಿ, ಧೈರ್ಯ ತುಂಬಿ, ಮತಗಟ್ಟೆ ಮುಚ್ಚುವುದರೊಳಗೆ ವಾಪಸ್ಸಾಗೋಣ ಎಂದು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು, ಬೆಳಕು ಹರಿಯುವ ಮೊದಲೇ ಜೈಲಿನ ಊರಿಗೆ ಹೊರಟಿದ್ದರು. ಜೈಲಿನ ತಂತಿಬಲೆಯ ಆಚೆಯಿಂದ ಅಣ್ಣ ಕಣ್ಣೊರೆಸಿಕೊಳ್ಳುತ್ತಲೇ ಗದರಿದ್ದರು: “ನೋಡಿದ್ದು ಸಾಕು, ಹೊರಡ್ರೋ! ಮೊದಲು ಹೋಗಿ ಓಟು ಹಾಕಿ!”

ವಾಪಸ್ಸು ಬರುವಾಗ ನಡುದಾರಿಯಲ್ಲಿ ಹಾರ್ನ್‌ನ ಬಸ್ಸಿನ ರೇಡಿಯೇಟರ್ ಒಡೆಯಿತು. ಹಿಂದೊಮ್ಮೆ ಕೆಟ್ಟ ಬಸ್ಸಿನ ಜೊತೆ ಒಂಟಿಯಾಗಿ ಉಳಿದ ಡ್ರೈವರನೊಬ್ಬನನ್ನು ಪ್ರಯಾಣಿಕರು ಬಡಿದು ಹಾಕಿದ್ದರು. ಅಂದಿನಿಂದ ಒಬ್ಬನ ಗಾಡಿ ನಿಂತರೆ ಜೊತೆಯವರ ಗಾಡಿಯೂ ನಿಲ್ಲಬೇಕು ಎಂಬುದು ಅಣ್ಣ ಹಾಕಿದ ಕಟ್ಟಳೆ. ಸಂಘ ಬೆಳೆದದ್ದೇ ಆ ಒಂದು ಮಾತಿನ ಮೇಲೆ. “ನನ್ನ ಬಿಟ್ಟು ಹೋಗ್ರೋ, ಕೈ ಮುಗೀತೀನಿ,” ಎಂದು ಹಾರ್ನ್ ರಸ್ತೆಯಲ್ಲಿ ಅತ್ತುಬಿಟ್ಟಿದ್ದ. ಎಲ್ಲರೂ ಅತ್ತಿಗೆಯ ಮುಖ ನೋಡಿದ್ದರು. “ಅವರಿದ್ದಿದ್ರೆ ಬಿಟ್ಟು ಹೋಗ್ತಿದ್ರಾ?” ಎಂದಿದ್ದಳು ಅವಳು. ಉಳಿದ ಐದು ಬಸ್ಸುಗಳ ಎಂಜಿನ್‌ಗಳೂ ಆಫ್ ಆಗಿದ್ದವು. ಊರು ತಲುಪಿದಾಗ ಮತಗಟ್ಟೆಯಲ್ಲಿ ಪೆಟ್ಟಿಗೆಗಳಿಗೆ ಅರಗು ಹಚ್ಚುತ್ತಿದ್ದರು. ಹೋಗಲಿ ಬಿಡಿ, ಅಣ್ಣ ಹೇಗೂ ಸಾವಿರಗಟ್ಟಲೆ ಮುಂದಿರ್ತಾರೆ ಎಂದು ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡಿದ್ದರು. ಅಣ್ಣನಿಗೆ ಹೇಳುವುದು ಬೇಡವೆಂದೂ ಆಗಲೇ ತೀರ್ಮಾನವಾಗಿತ್ತು.

ಹಾರ್ನ್ ತಡವರಿಸುತ್ತ ಅಷ್ಟನ್ನೂ ಹೇಳಿ ಮುಗಿಸಿದಾಗ ಟೈಂ ಕೀಪರ್ ಎದ್ದು ಹೋಗಿ ಟೀವಿಯ ಸದ್ದು ಅಡಗಿಸಿದರು. ಗೆದ್ದ ತಮ್ಮ ಪಕ್ಷದ ಮೆರವಣಿಗೆ ಪರದೆಯ ಮೇಲೆ ಮೂಕವಾಗಿ ಕುಣಿಯುತ್ತಿತ್ತು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತಿಗೆಯ ಮೊಬೈಲು ಹೊಡೆದುಕೊಂಡಿತು. ಜೈಲಿನ ನಂಬರು.

“ಸ್ಪೀಕರ್ ಹಾಕು. ಎಲ್ಲಾ ಇದಾರಾ?” ಅಣ್ಣನ ದನಿ ಸಪ್ಪಗಿರಲಿಲ್ಲ, ಅದಕ್ಕೇ ಕೇಳಲು ಇನ್ನೂ ಕಷ್ಟವಾಗುತ್ತಿತ್ತು.

“ಇದಾರೆ ರೀ.”

“ಯಾರೂ ಮುಖ ಸಣ್ಣ ಮಾಡ್ಕೋಬೇಡಿ. ಊರು ಕೈಕೊಡ್ತು, ಕೊಡ್ಲಿ ಬಿಡಿ. ನಮ್ಮೋರದ್ದು ಒಂದು ಓಟೂ ತಪ್ಪಿಲ್ಲ ಅಂತ ಗೊತ್ತಲ್ಲ ನಂಗೆ. ಅದೊಂದು ಇದ್ರೆ ಎಷ್ಟು ವರ್ಷ ಹಾಕಿದ್ರೂ ಇಲ್ಲೇ ಕಳೀತೀನಿ. ಏನೇ, ಹೌದು ತಾನೇ?”

ಹಾರ್ನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

“ಹೌದು ರೀ,” ಎಂದಳು ಅತ್ತಿಗೆ. “ಒಂದೂ ತಪ್ಪಿಲ್ಲ.”