ಮೂರನೆಯ ರೆಕ್ಕೆ

ಸತ್ತ ಕಡಲಾಮೆಯ ಚಿಪ್ಪಿನ ಮೇಲಿದ್ದ ಗಾಯಗಳನ್ನು ಕಾವಲುಗಾರ ಟೇಪು ಹಿಡಿದು ಅಳೆಯುತ್ತಿದ್ದ. ದೋಣಿಯ ಎಂಜಿನ್ ಫ್ಯಾನು ಕೊಯ್ದ ಗೆರೆಗಳು ಅವು: ಎರಡು ಆಳವಾಗಿದ್ದವು, ಮೂರನೆಯದು ಬರೀ ಗೀರು, ಮತ್ತೆ ಎರಡು ಆಳ, ಮತ್ತೊಂದು ಗೀರು.

"ನಿನ್ನ ಭಾವಮೈದುನನ ದೋಣಿ ಅಂತ ಬರ್ಕೋ," ಎಂದರು ಪಕ್ಕದಲ್ಲಿ ನಿಂತಿದ್ದ ಅರಣ್ಯ ಇಲಾಖೆಯ ಸಾಹೇಬರು. "ನಾಯಿ ಬಾಲ ಯಾವತ್ತಿದ್ರೂ ಡೊಂಕೇ."

ಬೇಲಿಯಾಚೆ ನಿಂತಿದ್ದ ಭಾವಮೈದುನ ನಕ್ಕ. ಈ ಕಡಲನ್ನು ಜಲಚರಗಳಿಗೆ ಮೀಸಲಿಟ್ಟ ಮೇಲೂ ಬಲೆ ಬೀಸಿದ್ದಕ್ಕೆ ಅವನ ಎಂಜಿನ್ ಬಿಚ್ಚಿ ತಂದದ್ದು ಕಾವಲುಗಾರನೇ. "ನನ್ನ ಎಂಜಿನ್ನು ಆರು ತಿಂಗಳಿಂದ ನಿಮ್ಮ ಆಫೀಸಲ್ಲೇ ತುಕ್ಕು ಹಿಡೀತಿದೆ ಭಾವ. ದೋಣಿಗೇನು ಕಾಲು ಬಂತಾ?"

ಕಾವಲುಗಾರ ಎದ್ದು, ದಡಕ್ಕೆ ಎಳೆದಿಟ್ಟಿದ್ದ ಇಲಾಖೆಯ ಗಸ್ತು ದೋಣಿಯ ಹಿಂದೆ ಹೋಗಿ ಬಗ್ಗಿದ. ಫ್ಯಾನಿಗೆ ಮೂರು ರೆಕ್ಕೆ. ಹೋದ ತಿಂಗಳು ಅವನೇ ಬಂಡೆಗೆ ಬಡಿಸಿ ಒಂದರ ತುದಿ ಮುರಿದಿದ್ದ. ಆ ಮೊಂಡು ತುದಿಯ ಮೇಲೆ ಬೆರಳಿಟ್ಟು ಸಾಹೇಬರತ್ತ ನೋಡಿದ.

ಸಾಹೇಬರು ಹತ್ತಿರ ಬಂದು ದನಿ ತಗ್ಗಿಸಿದರು. "ಇದನ್ನ ಬಿಚ್ಚಿ ಕಡಲಿಗೆ ಎಸೆದುಬಿಡು. ಆಫೀಸಲ್ಲಿ ನಿನ್ನ ಭಾವಮೈದುನನ ಫ್ಯಾನು ಇದೆಯಲ್ಲ, ಸರಿಯಾಗಿ ಕೂರುತ್ತೆ."

ಕಾವಲುಗಾರ ಟೇಪನ್ನು ಜೇಬಿಗೆ ಹಾಕಿಕೊಂಡು ಸ್ಪ್ಯಾನರ್ ಕೈಗೆತ್ತಿಕೊಂಡ.