ಕೈಯಲ್ಲೇ ಉಳಿದ ಸಾಬೂನು

ಗಂಧದ ಸಾಬೂನಿನ ಕಾಗದ ಬಿಚ್ಚಿದಾಗಲೆಲ್ಲ ನನಗೆ ಈಗಲೂ ಜಹೀರಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಆರು ವರ್ಷದ ನಾನು ಅಜ್ಜಿಯ ಜೊತೆ ಕಿರಾಣಿ ಅಂಗಡಿಗೆ ಹೋಗಿದ್ದೆ. ಸಾಬೂನೊಂದನ್ನು ಮೂಸಿ ನೋಡುತ್ತಿದ್ದಾಗ ‘ಜೈ ತೆಲಂಗಾಣ’ ಎಂದು ಕೂಗುತ್ತ ಮೆರವಣಿಗೆ ಬಂತು. ಅಂಗಡಿಯವರು ಧಡಧಡನೆ ಶಟರ್ ಎಳೆಯತೊಡಗಿದರು. ಹೆದರಿದ ನಾನು ಅಜ್ಜಿಯ ಸೆರಗು ಹಿಡಿದು ಹೊರಗೋಡಿದೆ.

ಹಿಂದೆಯೇ ಬಂದ ಅಂಗಡಿಯ ಆಳು ಅಜ್ಜಿಯ ಚೀಲಕ್ಕೆ ಕೈ ಹಾಕಿದ. “ಈಕಿ ಸಾಬೂನು ಕದ್ದಾಳ!”

ಜನ ಸೇರಿದರು.

“ಚೀಲ ಬಿಡೋ,” ಎನ್ನುತ್ತ ಮಾಲೀಕರು ಬಂದರು. “ಅವ್ವಾ, ಒಳಗ ಬರ್ರಿ. ಮೊದಲ ನೀರು ಕುಡೀರಿ.”

ಒಳಗೆ ಅಜ್ಜಿ ತಾನೇ ಚೀಲ ಸುರಿದಳು. ಅದರಲ್ಲಿ ಸಾಬೂನು ಇರಲಿಲ್ಲ. ಆಗ ನಾನು ಅಳುತ್ತ ಲಂಗದ ಮಡಿಕೆಯಿಂದ ಕೈ ತೆಗೆದೆ. ಸಾಬೂನು ಕೈಯಲ್ಲೇ ಇತ್ತು, ಬೆವರಿಗೆ ಕಾಗದ ಮೆತ್ತಗಾಗಿತ್ತು.

ಮಾಲೀಕರು ನಕ್ಕರು. “ಗದ್ದಲಕ್ಕ ಅಂಜಿ ಹಿಡ್ಕೊಂಡೇ ಓಡ್ಯಾಳ ಹುಡುಗಿ. ಇದು ಕಳವಲ್ಲರಿ.”

“ಹೊರಗ ಮಂದಿ ಹಂಗ ತಿಳ್ಕೊಂಡಾರಲ್ರಿ, ಸಾವ್ಕಾರ್ರ,” ಎಂದಳು ಅಜ್ಜಿ.

ಅವರು ಎದ್ದು ಹೋಗಿ, ಬಾಗಿಲಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದರು: “ತಪ್ಪು ನಮ್ದು. ಈ ಅವ್ವ ಏನೂ ಕದ್ದಿಲ್ಲ.”

ಅಜ್ಜಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನನ್ನನ್ನು ಕಂಕುಳಿಗೆತ್ತಿಕೊಂಡು, ಆ ಜನರ ನಡುವೆಯೇ ಅವಸರವಿಲ್ಲದೆ ನಡೆದಳು.